ಚೀಟಿ ಓದದ ಫಿಟ್ಟರ್

ನಾನು ಫರ್ನಿಚರ್ ಅಂಗಡಿಯ ಫಿಟ್ಟರ್. ಜನ ಕೊಂಡ ಕಪಾಟನ್ನು ಅವರ ಮನೆಗೆ ಹೊತ್ತೊಯ್ದು ಜೋಡಿಸಿ ಕೊಡುತ್ತೇನೆ. ಪೆಟ್ಟಿಗೆ ಬಿಚ್ಚುವ ಮುನ್ನ ಪ್ರತಿ ಮನೆಯಲ್ಲೂ ನನ್ನದೊಂದು ಪ್ರವಚನವಿರುತ್ತದೆ: “ಮೊದಲು ಪೆಟ್ಟಿಗೇಲಿರೋ ಚೀಟಿ ಓದ್ಬೇಕು. ಓದದೆ ಸ್ಕ್ರೂ ಹಾಕಿದ್ರೆ ಬಾಗಿಲು ಉಲ್ಟಾ ಕೂರುತ್ತೆ.” ಇದು ಆ ಪ್ರವಚನಕಾರನ ಹೊಟ್ಟೆಯ ಕತೆ.

ಕೆಲಸ ಕಾಯಂ ಆಗಲು ಎರಡು ವಾರ ಉಳಿದಿತ್ತು. ನಾನು ಮೇಲೆ, ನಮ್ಮ ಮೇಸ್ತ್ರಿ ಕೆಳಗೆ ಹಿಡಿದು, ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ಮೂರು ಬಾಗಿಲ ಕಪಾಟು ಏರಿಸಿದೆವು. ಕಪಾಟು ನೆಟ್ಟಗೆ ನಿಂತಿತು, ನಾನು ನಿಲ್ಲಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಮೇಸ್ತ್ರಿಗೆ ಗೊತ್ತಾದರೆ ಕೆಲಸಕ್ಕೆ ಕಲ್ಲು ಬಿತ್ತು ಎಂದುಕೊಂಡು ಮೆಡಿಕಲ್ ಅಂಗಡಿಗೆ ಹೋದೆ.

ಅಂಗಡಿಯಾಕೆಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಾರೆ. ಅವರು ಮಾತ್ರೆಗಿಂತ ಮೊದಲು ಪ್ರಶ್ನೆ ಕೊಡುತ್ತಾರೆ.

“ಏನು ತಿಂದೆ?”

“ಹೊಟ್ಟೆ ತುಂಬಾ ತಿಂದಿದೀನಿ ಅಕ್ಕ.” ಬೆಳಗಿನಿಂದ ಒಳಗೆ ಹೋಗಿದ್ದು ಎರಡು ಲೋಟ ಟೀ.

“ಊಟ ಆದ್ಮೇಲೆ ಒಂದು, ದೊಡ್ಡ ಲೋಟ ನೀರಿನ ಜೊತೆ. ಮೂರು ದಿನಕ್ಕೆ ಕಮ್ಮಿ ಆಗ್ಲಿಲ್ವಾ, ಡಾಕ್ಟರ್ ಹತ್ರ ಹೋಗು. ಡಬ್ಬಿ ಒಳಗಿರೋ ಚೀಟಿ ಓದು.”

ಚೀಟಿಯನ್ನು ನಾಲ್ಕು ಮಡಿಕೆ ಮಾಡಿ, ನಾನೇ ಜೋಡಿಸಿದ್ದ, ಅಲುಗಾಡುತ್ತಿದ್ದ ನನ್ನ ಮಂಚದ ಕಾಲಿನ ಕೆಳಗೆ ಇಟ್ಟೆ. ಮಂಚಕ್ಕೆ ತಕ್ಷಣ ಗುಣ ಕಂಡಿತು.

ಐದು ದಿನ ಖಾಲಿ ಹೊಟ್ಟೆಗೆ ಟೀ ಜೊತೆ ನುಂಗಿದೆ. ಮಾತ್ರೆ ಇನ್ನೂ ಉಳಿದಿತ್ತು, ನೋವೂ ಉಳಿದಿತ್ತು. ಅಕ್ಕನ ಬೈಗುಳಕ್ಕೆ ಹೆದರಿ ಪಕ್ಕದ ಬೀದಿಯಲ್ಲಿ ಬೇರೆ ಹೆಸರಿನ, ಬೇರೆ ಬಣ್ಣದ ಮಾತ್ರೆ ತಂದೆ. ಒಂದಕ್ಕೊಂದು ಜೊತೆಯಾಗಲಿ ಎಂದು ಎರಡನ್ನೂ ಒಟ್ಟಿಗೆ ಇಳಿಸಿದೆ. ಸೊಂಟ ಬಾಯಿ ಮುಚ್ಚಿತು. ಹೊಟ್ಟೆ ಬಾಯಿ ತೆರೆಯಿತು.

ಮರುದಿನ ಒಬ್ಬ ಅಜ್ಜಿಯ ಮನೆಯಲ್ಲಿ ಕಪಾಟು ಜೋಡಿಸುವಾಗ ಹೊಟ್ಟೆಯೊಳಗೆ ಕೆಂಡ ಸುರಿದಂತಾಯಿತು. ಮೇಸ್ತ್ರಿ ಕಣ್ಣಿಗೆ ಬೀಳಬಾರದೆಂದು ಕಪಾಟಿನೊಳಗೇ ಕೂತು ಬಾಗಿಲೆಳೆದುಕೊಂಡೆ. ಅಜ್ಜಿ ತೆರೆದರು.

“ಏನಪ್ಪಾ ಇದು?”

“ಅಳತೆ ನೋಡ್ತಿದೀನಿ ಅಜ್ಜಿ.”

“ನರಳಿಕೊಂಡು ನೋಡ್ತಾರಾ?” ಎಂದು ಅವರು ಮೇಸ್ತ್ರಿಯನ್ನು ಕೂಗಿದರು.

ಮೇಸ್ತ್ರಿ ಸೊಂಟದ್ದೂ ಮಾತ್ರೆಯದ್ದೂ ಬಾಯಿ ಬಿಡಿಸಿ, ನನ್ನನ್ನು ವ್ಯಾನಿನಲ್ಲಿ ಹಾಕಿಕೊಂಡು ಅಕ್ಕನ ಮುಂದೆ ನಿಲ್ಲಿಸಿದರು. ಅಕ್ಕ ನನ್ನ ಜೇಬಿನ ಎರಡೂ ಮಾತ್ರೆ ಪಟ್ಟಿ ಪಕ್ಕಪಕ್ಕ ಇಟ್ಟು ಸಣ್ಣಕ್ಷರ ತೋರಿಸಿದರು.

“ಹೆಸರು ಎರಡು, ಒಳಗಿರೋ ಮದ್ದು ಒಂದೇ. ಒಂದೇ ತೂತಿಗೆ ಎರಡು ಸ್ಕ್ರೂ ಹಾಕ್ತೀಯೇನೋ? ವಾಂತೀಲಿ ರಕ್ತ ಬಂತಾ? ಕಕ್ಕಸು ಕಪ್ಪಗಾಯ್ತಾ?”

ಅಂಗಡಿ ತುಂಬ ಗಿರಾಕಿಗಳಿದ್ದರು. “ಇಲ್ಲ” ಎಂದೆ, ನೆಲ ನೋಡುತ್ತ.

“ಪುಣ್ಯ. ಆಗಿದ್ರೆ ಸೀದಾ ಆಸ್ಪತ್ರೆಗೆ ಓಡ್ಬೇಕಿತ್ತು. ಎರಡೂ ನಿಲ್ಸು, ಈಗ್ಲೇ ಡಾಕ್ಟರಿಗೆ ತೋರ್ಸು.”

ಮೇಸ್ತ್ರಿ ನಕ್ಕರು. “ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! ಮನೆಮನೇಲಿ ಚೀಟಿ ಓದಿ ಅಂತ ಭಾಷಣ ಬೇರೆ.” ಆಮೇಲೆ ನಗು ನಿಂತಿತು. “ಸೊಂಟ ನೋಯ್ತು ಅಂತ ಯಾರನ್ನೂ ತೆಗೆದಿಲ್ಲ ನಾನು. ಮುಚ್ಚಿಟ್ಟು ಹೊತ್ತು, ಮೆಟ್ಟಿಲ ಮೇಲೆ ಕೈ ಬಿಟ್ಟಿದ್ರೆ? ಕೆಳಗಡೆ ಹಿಡ್ಕೊಂಡಿರೋನು ನಾನಲ್ವೇನೋ?”

ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಡಾಕ್ಟರು ಹೊಟ್ಟೆಗೆ ಮದ್ದು, ಸೊಂಟಕ್ಕೆ ವಿಶ್ರಾಂತಿ ಬರೆದರು. ಮೇಸ್ತ್ರಿ ಕೆಲಸದಿಂದ ತೆಗೆಯಲಿಲ್ಲ. ಕಾಯಂ ಮಾಡುವುದನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ಅಲ್ಲಿಯವರೆಗೆ ಹೊರುವಂತಿಲ್ಲ, ಜೋಡಿಸುವುದಷ್ಟೇ.

ಆ ಸಂಜೆ ಮಂಚದ ಕೆಳಗಿನಿಂದ ಚೀಟಿ ಎಳೆದು ಓದಿದೆ. ಎಲ್ಲವೂ ಅದರಲ್ಲಿತ್ತು. ಮಂಚ ಈಗ ಮತ್ತೆ ಅಲುಗಾಡುತ್ತಿದೆ. ಅದರ ಚೀಟಿಯನ್ನೂ ನಾನು ಓದಿರಲಿಲ್ಲ.