ಅಂಗಡಿ ಅಕ್ಕ ಆರಿಸಿಕೊಟ್ಟ ಕ್ರೀಮು

ದೇವರ ಸಾಮಾನಿಗೆಲ್ಲ ಹುಣಸೆಹಣ್ಣು ಹಚ್ಚಿಕೊಂಡು ಬಚ್ಚಲಲ್ಲಿ ಕೂತು ತಿಕ್ಕುತ್ತಿದ್ದೆ. ತಲೆಯ ಹತ್ತಿರದ ಗೂಡಿನಲ್ಲಿ ನಮ್ಮ ಮನೆಯವರ ಗಡ್ಡದ ಲೋಟ, ಬ್ರಷ್ಷು ಇದ್ದವು. ಬೆಳಿಗ್ಗೆಯಷ್ಟೇ ಬಳಸಿದ್ದರಿಂದ ಬ್ರಷ್ಷಿನ ಒದ್ದೆ ಆರಿರಲಿಲ್ಲ. ಶ್ರೀಗಂಧದ ಸಣ್ಣ ವಾಸನೆ ಬರುತ್ತಿತ್ತು. ಅಷ್ಟರಲ್ಲಿ ಅಜ್ಜಂಪುರದಲ್ಲಿರುವ ನನ್ನ ತಂಗಿಯ ಫೋನು ಬಂತು. ಕೈಯೆಲ್ಲ ಹುಳಿ ಆಗಿದ್ದರಿಂದ ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

“ಅಕ್ಕಾ, ನಿನ್ನ ಅಂಗಡಿ ಅಕ್ಕ ಹೋಗ್ಬಿಟ್ರಂತೆ ಕಣೇ. ರಾತ್ರಿ ಮಲಗಿದೋರು ಬೆಳಿಗ್ಗೆ ಏಳಲೇ ಇಲ್ವಂತೆ.”

ಕೈಯಲ್ಲಿದ್ದ ಆರತಿ ತಟ್ಟೆ ನೀರಿಗೆ ಜಾರಿತು. ನರಳದೆ ಹೋದರಲ್ಲ, ನಮ್ಮ ಮನೆದೇವರು ರಂಗಪ್ಪ ಅಷ್ಟಾದರೂ ನಡೆಸಿಕೊಟ್ಟ ಎಂದು ಮೊದಲು ಅನ್ನಿಸಿತು. ಆಮೇಲೆ ಆ ಗಂಧದ ವಾಸನೆ ಇನ್ನೊಂದು ಸಲ ಮೂಗಿಗೆ ಬಂದಾಗ ಕಣ್ಣು ತುಂಬಿಕೊಂಡವು…

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಸಣ್ಣ ಫ್ಯಾನ್ಸಿ ಅಂಗಡಿ. ಬಳೆ, ರಿಬ್ಬನ್ನು, ಕುಂಕುಮ, ಸೋಪು, ಪೌಡರು, ಹೆಂಗಸರಿಗೆ ಬೇಕಾದ ಇನ್ನಿತರೆ ಸಾಮಾನು. ಗಲ್ಲಾಪೆಟ್ಟಿಗೆಯ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಅಕ್ಕ ಕೂತಿರುತ್ತಿದ್ದರು. ಊರಿಗೆಲ್ಲ ಬಳೆ ತೊಡಿಸುತ್ತಿದ್ದ ಅವರ ಕೈಯಲ್ಲಿ ಬಳೆ ಇರಲಿಲ್ಲ. ಹಣೆಯ ಮೇಲೆ ಒಂದು ಗೆರೆ ವಿಭೂತಿ, ಅಷ್ಟೇ. ಯಜಮಾನರು ತೀರಿಕೊಂಡ ಮೇಲೂ ಅಂಗಡಿ ನಡೆಸಿಕೊಂಡು ಹೋದರು. ಸುತ್ತಲಿನ ಹಳ್ಳಿಯ ನಾವೆಲ್ಲ ಅವರನ್ನು ಅಂಗಡಿ ಅಕ್ಕ ಎಂದೇ ಕರೆಯುತ್ತಿದ್ದೆವು.

ನಾನು ಅವರಿಗೆ ಹತ್ತಿರವಾದದ್ದು ನಮ್ಮ ಮನೆಯವರಿಗೆ ಲಕ್ವ ಹೊಡೆದ ವರ್ಷ. ಈರುಳ್ಳಿ ಕೀಳುವ ಕಾಲ. ಹೊಲದಲ್ಲಿ ಚೀಲದ ಬಾಯಿ ಕಟ್ಟುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ತರೀಕೆರೆ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಸೇರಿಸಿದ್ದರಿಂದ ಜೀವ ಉಳಿಯಿತು. ಅದಕ್ಕೆ ನಾನು ಇವತ್ತಿಗೂ ದೇವರಿಗೆ ಕೈಮುಗಿಯುತ್ತೇನೆ. ಆದರೆ ಬಲಗೈಗೆ ಸ್ವಾಧೀನ ಬರಲಿಲ್ಲ. ಬಾಯಿ ಎಡಕ್ಕೆ ಎಳೆದುಕೊಂಡಿತು. ಮಾತು ಒಂದೊಂದೇ ತುಂಡಾಗಿ, ತೊದಲಿಕೊಂಡು ಬರುತ್ತಿತ್ತು.

ಅವರು ಭಾನುವಾರ ತಪ್ಪದೆ ಬಸ್‌ಸ್ಟ್ಯಾಂಡಿನ ಸಲೂನಿಗೆ ಹೋಗುತ್ತಿದ್ದವರು. ಅಲ್ಲಿ ಗಡ್ಡಕ್ಕಿಂತ ಮಾತು ಜಾಸ್ತಿ. ಆಸ್ಪತ್ರೆಯಿಂದ ಬಂದ ಮೇಲೆ ಮೈದುನ ಒಮ್ಮೆ ಆಟೋದಲ್ಲಿ ಕರೆದುಕೊಂಡು ಹೋದ. ಎದುರಿನ ದೊಡ್ಡ ಕನ್ನಡಿಯಲ್ಲಿ ತಮ್ಮ ಬಾಯಂಚಿನಿಂದ ಜೊಲ್ಲು ಇಳಿಯುವುದನ್ನು ಅವರೇ ನೋಡಿದರಂತೆ. ಹರಟುತ್ತಿದ್ದವರೆಲ್ಲ ಸುಮ್ಮನಾದರಂತೆ. ಯಾರೂ ಏನೂ ಅನ್ನಲಿಲ್ಲ, ಅದೇ ಅವರಿಗೆ ಚುಚ್ಚಿತು. ಆವತ್ತಿನಿಂದ ಸಲೂನಿಗೆ ಹೋಗಲಿಲ್ಲ. ಕ್ಷೌರದವರನ್ನು ಮನೆಗೇ ಕರೆಸಿದರೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಗಡ್ಡ ಎದೆಯ ಹತ್ತಿರಕ್ಕೆ ಇಳಿಯಿತು. ಯಾರಾದರೂ ಬಂದರೆ ಟವೆಲ್ಲು ಎಳೆದುಕೊಂಡು ಮುಖ ಮುಚ್ಚಿಕೊಳ್ಳುತ್ತಿದ್ದರು.

ಅಂಥದರಲ್ಲಿ ಮಗಳ ಮದುವೆ ಗೊತ್ತಾಯಿತು. ಕಡೂರಿನಲ್ಲಿ ಛತ್ರ ಹಿಡಿದಾಯಿತು. ಒಂದು ದಿನ ನನ್ನನ್ನು ಹತ್ತಿರ ಕರೆದರು.

“ಧಾರೆಗೆ… ತಮ್ಮನ್ನ ಕೂರ್ಸು. ನಾ… ಬರಲ್ಲ.”

ಹೆತ್ತ ತಂದೆ ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿರುವಾಗ ಚಿಕ್ಕಪ್ಪ ಧಾರೆ ಎರೆಯುವುದೇ? ಒಳಗೆ ಅಡುಗೆಮನೆಯಲ್ಲಿ ಮಗಳಿಗೂ ಅದು ಕೇಳಿಸಿತು. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ನನಗೆ ಏನು ತೋಚಿತೋ, “ಯಾರೂ ಬರೋದು ಬ್ಯಾಡ. ನಾನೇ ಗಡ್ಡ ತೆಗೀತೀನಿ” ಅಂದುಬಿಟ್ಟೆ. ಅವರು ನನ್ನ ಕೈಯನ್ನೇ ನೋಡಿದರು.

ಅಂದದ್ದೇನೋ ಅಂದೆ, ಆಮೇಲೆ ಹೆದರಿಕೆ ಶುರುವಾಯಿತು. ಅವರು ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರು. ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ, ಜೋಪಾನ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನೋ ಹುಟ್ಟಿದಾಗಿನಿಂದ ರೇಜರ್ ಹಿಡಿದವಳಲ್ಲ. ಬೇರೆ ಅಂಗಡಿಯಲ್ಲೆಲ್ಲ ಗಂಡಸರೇ ಇರುತ್ತಾರೆ. ಅವರ ಮುಂದೆ ನಿಂತು ಗಡ್ಡದ ಕ್ರೀಮು ಯಾವುದು ಒಳ್ಳೆಯದು ಎಂದು ಕೇಳುವುದು ಹೇಗೆ? ಅಂಗಡಿ ಅಕ್ಕನ ಹತ್ತಿರ ಹೋದೆ. ಅಲ್ಲಿಯೂ ಬೇರೆಯವರೆಲ್ಲ ಹೋಗಲಿ ಎಂದು ರಿಬ್ಬನ್ನು ನೋಡುತ್ತಾ ನಿಂತಿದ್ದೆ.

“ಏನವ್ವ, ಆಗ್ಲಿಂದ ಆ ರಿಬ್ಬನ್ನೇ ಸವರ್ತಿದ್ದೀಯ?”

“ಗಡ್ಡ ತೆಗಿಯೋ ಕ್ರೀಮು ಬೇಕಿತ್ತಕ್ಕ.”

“ಯಜಮಾನ್ರು ಯಾವ್ದು ಹಾಕ್ತಾರೆ?”

“ಅವ್ರು ಸಲೂನಿಗೆ ಹೋಗ್ತಿದ್ರು. ಈಗ… ನಾನೇ ತೆಗೀಬೇಕು.”

ಅಕ್ಕ ಗಲ್ಲಾಪೆಟ್ಟಿಗೆಯ ಪಕ್ಕದ ಹಲಗೆ ಎತ್ತಿ ನನ್ನನ್ನು ಒಳಗೆ ಕರೆದು, ಚಾಪೆ ಹಾಕಿ ಕೂರಿಸಿದರು. ಮೇಲಿನ ಶೆಲ್ಫಿನಿಂದ ಮೂರು ನಾಲ್ಕು ಟ್ಯೂಬು, ಒಂದು ಡಬ್ಬಿ ತಂದು ಮಡಿಲಲ್ಲಿ ಹಾಕಿಕೊಂಡರು.

“ಇದು ನೋಡು, ಬುಸ್ ಅಂತ ನೊರೆ ಬತ್ತದೆ, ನೀನು ರೇಜರ್ ಎತ್ಕೊಳೋದ್ರೊಳಗೆ ಒಣಗಿರ್ತದೆ. ಕೈ ಪಳಗ್ದೋರಿಗೆ ಸರಿ, ನಿನಗಲ್ಲ. ಇದು ಪುದೀನದ್ದು, ಚುರುಗುಟ್ಟುತ್ತೆ. ಒಂದ್ ಕಡೆ ಕೆನ್ನೆ ಜೋಮು ಹಿಡಿದೋರಿಗೆ ಉರಿ ಹತ್ತಿದ್ರೂ ತಿಳಿಯಲ್ಲ. ಬ್ಯಾಡ. ಡಬ್ಬಿದು ಒತ್ತಿದ್ರೆ ನೊರೆ ತಾನೇ ಬತ್ತದೆ, ಆದ್ರೆ ಅಷ್ಟು ದಿನದ ಗಡ್ಡ ಮೆತ್ತಗಾಗ್ಬೇಕು ಅಂದ್ರೆ ಬ್ರಷ್ಷಲ್ಲೇ ತಿರುವ್ಬೇಕು ಕಣವ್ವ.”

ಕೊನೆಗೆ ಗಂಧದ ವಾಸನೆಯದೊಂದು ಟ್ಯೂಬು ಬಿಚ್ಚಿ, ಅವರೆಕಾಳಿನಷ್ಟು ತೆಗೆದು ತಮ್ಮ ಮುಂಗೈಗೆ ಹಚ್ಚಿಕೊಂಡರು. ಬ್ರಷ್ಷನ್ನು ನೀರಲ್ಲಿ ಅದ್ದಿ, ಒಮ್ಮೆ ಕೊಡವಿ, ಸುತ್ತ ಸುತ್ತ ಆಡಿಸಿದರು. ನೋಡನೋಡುತ್ತ ಬೆಣ್ಣೆಯ ಹಾಗೆ ಬೆಳ್ಳಗೆ ದಪ್ಪ ನೊರೆ ಎದ್ದು ನಿಂತಿತು. ಬಳೆ ಇರಬೇಕಾದ ಜಾಗದಲ್ಲಿ ಸುತ್ತಲೂ ಆ ನೊರೆ… ಅದನ್ನೇ ನೋಡುತ್ತಿದ್ದರು.

“ನಮ್ಮೋರಿಗೂ ಹಾಸಿಗೆ ಹಿಡಿದ್ ಮೇಲೆ ನಾನೇ ತೆಗೀತಿದ್ದೆ. ಕಡೇ ದಿನಾನೂ ನಾನೇ ತೆಗ್ದೆ. ಬೇರೆಯೋರ ಕೈ ಮುಟ್ಟಿಸ್ಲಿಲ್ಲ.”

ಆಮೇಲೆ ಕೈ ಒರೆಸಿಕೊಂಡು ನಕ್ಕರು. “ಗಂಡಸ್ರು ಬಾಳ ಪುಕ್ಕಲ್ರು ಕಣವ್ವ. ಇಷ್ಟು ವರ್ಷದ ಸಿಟ್ಟೆಲ್ಲ ಇವತ್ತೇ ತೀರಿಸ್ಕೊತಾಳೆ ಅಂತ ನಡುಗ್ತಾರೆ. ಕತ್ತಿನ ಹತ್ರ ಹೋದಾಗ ಏನಾರ ಮಾತಾಡ್ತಿರು.”

ಮನೆಗೆ ಬಂದು ಹಂಡೆಯ ಬಿಸಿನೀರಿನಲ್ಲಿ ನನ್ನ ಕೈಮೇಲೆಯೇ ಹಚ್ಚಿ ನೋಡಿದೆ. ಎಷ್ಟು ತಿರುವಿದರೂ ನೊರೆ ಕಟ್ಟಲಿಲ್ಲ. ಒಡೆದ ಹಾಲಿನ ಹಾಗೆ ಚೂರು ಚೂರಾಗಿ ನೀರು ಬಿಟ್ಟುಕೊಂಡಿತು. ಅಕ್ಕನೇ ತಪ್ಪು ಟ್ಯೂಬು ಕೊಟ್ಟರೇನೋ ಎಂದು ಮಾರನೆಯ ದಿನ ಮತ್ತೆ ಹೋದೆ. ಅಕ್ಕ ಟ್ಯೂಬು ನೋಡಲೂ ಇಲ್ಲ.

“ಬೋರ್ ನೀರಲ್ಲಿ ಮಾಡಿದ್ಯಾ? ನಮ್ ಕಡೆ ಬೋರ್ ನೀರಲ್ಲಿ ಬೇಳೆನೇ ಬೇಯಲ್ಲ, ನೊರೆ ಎಲ್ಲಿಂದ ಬರ್ಬೇಕು? ಕುಡಿಯಕ್ಕೆ ಫಿಲ್ಟರ್ ನೀರು ತರ್ತೀರಲ್ಲ, ಅದನ್ನ ಒಂದ್ ಲೋಟ ಬೆಚ್ಚಗೆ ಮಾಡ್ಕೋ ಸಾಕು. ಆಮೇಲೆ, ಮೊದ್ಲಿಗೇ ಮುಖಕ್ಕೆ ಹೋಗ್ಬ್ಯಾಡ. ಒಂದು ಎಳೆ ಸೋರೆಕಾಯಿ ಮೇಲೆ ಕೈ ಕುದುರಿಸ್ಕೋ.”

ಮನೆಯಲ್ಲಿ ಸೋರೆಕಾಯಿ ಇರಲಿಲ್ಲ. ಹಿತ್ತಿಲ ಬೇಲಿಯ ಮೇಲೆ ಬೂದುಗುಂಬಳದ ಬಳ್ಳಿ ಹಬ್ಬಿತ್ತು. ಅದರ ಎಳೆಗಾಯಿಯ ಮೈಮೇಲೆ ಸಣ್ಣ ಸಣ್ಣ ರೋಮ, ಮುಟ್ಟಿದರೆ ಚುಚ್ಚುವ ಹಾಗೆ. ಇದಕ್ಕಿಂತ ಗಡ್ಡ ಬೇಕೇ ಎಂದುಕೊಂಡು ಒಂದು ಕಿತ್ತು ತಂದೆ. ಪಡಸಾಲೆಯಲ್ಲಿ ಅವರ ಮಂಚದಿಂದ ಸ್ವಲ್ಪ ದೂರ ಕೂತು, ಬೆಚ್ಚಗಿನ ಫಿಲ್ಟರ್ ನೀರಲ್ಲಿ ನೊರೆ ಮಾಡಿ ಕಾಯಿಗೆಲ್ಲ ಬಳಿದೆ. ಈ ಸಲ ನೊರೆ ಚೆನ್ನಾಗಿ ನಿಂತಿತು. ರೇಜರ್ ಇಡಬೇಕು, ಅಷ್ಟರಲ್ಲಿ ನಮ್ಮ ಅತ್ತೆ ಬಂದರು.

“ಅಯ್ಯೋ ನಿನ್ ಬುದ್ಧಿಗಿಷ್ಟು! ಹೆಂಗಸಾಗಿ ಇಡೀ ಕುಂಬಳಕಾಯಿಗೆ ಕತ್ತಿ ಇಕ್ತೀಯಲ್ಲೇ! ಮನೆ ಗಂಡಸು ಹಿಂಗ್ ಮಲಗಿರೋವಾಗ!”

ನನ್ನ ಕೈ ಅಲ್ಲೇ ನಿಂತುಹೋಯಿತು. ಇಡೀ ಕುಂಬಳಕಾಯಿಗೆ ಮೊದಲ ಏಟು ಗಂಡಸೇ ಹಾಕಬೇಕು, ಆಮೇಲೆ ಹೆಂಗಸರು ಹೆಚ್ಚಬೇಕು ಅನ್ನುವುದು ನಮ್ಮ ಮನೆಯಲ್ಲಿ ಮೊದಲಿಂದ ಬಂದದ್ದು. ಹೆಂಗಸು ಹಾಕಿದರೆ ಯಜಮಾನನಿಗೆ ಆಗಿಬರುವುದಿಲ್ಲ. ಸೋರೆಕಾಯಿ ಅಂದದ್ದನ್ನು ಬಿಟ್ಟು ನಾನು ಕುಂಬಳಕ್ಕೆ ಕೈ ಹಾಕಿದ್ದೆ. ಮನಸ್ಸಿನಲ್ಲೇ ತಪ್ಪುಗಾಣಿಕೆ ಹೇಳಿಕೊಂಡೆ.

ಮಂಚದ ಮೇಲಿಂದ ಏನೋ ಸದ್ದು ಬಂತು. ಅವರಿಗೆ ಏನಾಯಿತೋ ಎಂದು ಓಡಿಹೋದೆ. ಮುಖದ ಮೇಲಿನ ಟವೆಲ್ಲು ಜಾರಿತ್ತು. ಅವರು ನಗುತ್ತಿದ್ದರು. ಬಾಯಿ ಒಂದೇ ಕಡೆ ಅರಳಿತ್ತು, ಹೊಟ್ಟೆ ಕುಲುಕುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು.

“ತಾ… ಇಲ್ಲಿ,” ಎಂದು ಎಡಗೈ ಚಾಚಿದರು. “ಮೊದ್ಲು… ನಾ ಹಾಕ್ತೀನಿ.”

ನೊರೆ ಬಳಿದ ಕಾಯನ್ನು ಅವರ ತೊಡೆಯ ಮೇಲಿಟ್ಟು, ಈಳಿಗೆಮಣೆ ಬೇಡವೆಂದು ಸಣ್ಣ ಚಾಕು ಕೊಟ್ಟೆ. ಎಡಗೈ ರೂಢಿ ಇರಲಿಲ್ಲ. ಆದರೂ ತೊಟ್ಟಿನ ಹತ್ತಿರ ಒಂದು ಗೀರು ಎಳೆದರು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹೂಂ, ಇನ್ ಮಾಡ್ಕೋ ಹೋಗು, ಅದಕ್ಕೂ ಕ್ಷೌರ ಮಾಡು” ಎಂದು ಗೊಣಗುತ್ತಾ ಒಳಗೆ ಹೋದರು. ನಾನು ಅವರ ತೊಡೆಯ ಮೇಲೆಯೇ ಇಟ್ಟುಕೊಂಡು ಕಾಯಿಯ ರೋಮ ತೆಗೆದೆ. ಅವರು ಕಾಯನ್ನು ಹಿಡಿದುಕೊಂಡು ತಿರುಗಿಸಿ ಕೊಡುತ್ತಿದ್ದರು. ಮುಗಿದ ಮೇಲೆ ಅದರ ಮೈ ಸವರಿ ನೋಡಿ, ತಾವೇ ಗದ್ದ ಎತ್ತಿ ನನ್ನ ಕಡೆ ತಿರುಗಿದರು.

ಅವತ್ತು ಬುಧವಾರ, ಕ್ಷೌರಕ್ಕೆ ದಿನದ ಅಡ್ಡಿಯೂ ಇರಲಿಲ್ಲ. ಕತ್ತರಿಯಲ್ಲಿ ಮೊದಲು ಉದ್ದ ತೆಗೆದು, ಬೆಚ್ಚಗಿನ ಬಟ್ಟೆ ಒತ್ತಿ, ನೊರೆ ಹಚ್ಚಿ, ಹಾಗೇ ಸ್ವಲ್ಪ ಹೊತ್ತು ಬಿಟ್ಟೆ. ಬಾಯಲ್ಲಿ ರಂಗಪ್ಪನ ನಾಮ. ಕತ್ತಿನ ಹತ್ತಿರ ಬಂದಾಗ ಅಕ್ಕ ಹೇಳಿದ್ದು ನೆನಪಾಗಿ ಏನಾದರೂ ಮಾತಾಡೋಣವೆಂದರೆ ಏನೂ ಹೊಳೆಯಲಿಲ್ಲ. ಮದುವೆಗೆ ಎಷ್ಟು ಸೇರು ಬೇಳೆ ಬೇಕಾಗಬಹುದು ಎಂದು ಕೇಳಿದೆ. ಗದ್ದದ ಕೆಳಗೆ ಒಂದು ಕಡೆ ಚೂರು ರಕ್ತ ಕಂಡಿತು. ಪಟಿಕ ಒತ್ತಿ ಹಿಡಿದುಕೊಂಡು ಕೂತೆ. ರಕ್ತ ನಿಂತಿತು. ದೇವರು ದೊಡ್ಡವನು. ನೊರೆಯ ಕೆಳಗಿನಿಂದ ಅವರ ಮುಖ ಸ್ವಲ್ಪ ಸ್ವಲ್ಪವೇ ಹೊರಗೆ ಬಂತು, ಸೊರಗಿತ್ತು, ಸೊಟ್ಟಗಾಗಿತ್ತು, ಆದರೆ ಅವರದೇ ಮುಖ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಕನ್ನಡಿ… ಬ್ಯಾಡ,” ಅಂದರು. “ಇವಳೇ… ಹೇಳ್ಲಿ.”

“ಚೆನ್ನಾಗೈತಪ್ಪ,” ಅಂದಳು ಮಗಳು. ಅಷ್ಟು ಹೇಳಿ ಒಳಗೆ ಓಡಿದಳು.

ಕಡೂರಿನ ಛತ್ರಕ್ಕೆ ಅವರು ಬಿಳಿ ಪಂಚೆ ಉಟ್ಟು ಬಂದರು. ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ತಲೆ ಮಾತ್ರ ಆಡಿಸುತ್ತಿದ್ದರು. ಮಾತಾಡಿದರೆ ತೊದಲುವುದು ನಾಲ್ಕು ಜನಕ್ಕೆ ಗೊತ್ತಾಗುತ್ತದಲ್ಲ, ಆ ಸಂಕೋಚ ಹೋಗಿರಲಿಲ್ಲ. ನನ್ನ ಕೈ ಕೆಳಗೆ ಕೊಟ್ಟು, ಸ್ವಾಧೀನವಿಲ್ಲದ ಅವರ ಬಲಗೈಯನ್ನು ಎತ್ತಿ ಹಿಡಿದು ಇಬ್ಬರೂ ಧಾರೆ ಎರೆದೆವು. ಅಕ್ಷತೆ ಹಾಕುವ ಹೊತ್ತಿಗೆ ನೋಡುತ್ತೇನೆ, ಅಂಗಡಿ ಅಕ್ಕ ಬಂದು ಕಂಬದ ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ನಿಂತಿದ್ದಾರೆ. ಕೈಬೀಸಿ ಕರೆದೆ. ಬರುವುದಿಲ್ಲ ಎಂದು ತಲೆ ಆಡಿಸಿದರು. ಗಂಡ ಇಲ್ಲದವರು ಮಂಟಪದ ಹತ್ತಿರ ಬರಬಾರದೆಂದು ಅವರೇ ದೂರ ನಿಂತಿದ್ದರು. ಅಲ್ಲಿಂದಲೇ ನಮ್ಮ ಮನೆಯವರ ಕೆನ್ನೆಯನ್ನು, ಕತ್ತನ್ನು ಒಂದು ಸುತ್ತು ನೋಡಿದರು.

ನಾನು ಕರೆದದ್ದು ಯಾರನ್ನೆಂದು ನಮ್ಮ ಮನೆಯವರೂ ತಿರುಗಿ ನೋಡಿದರು. ಅಕ್ಕ ಕ್ರೀಮು ಆರಿಸಿಕೊಟ್ಟದ್ದನ್ನೆಲ್ಲ ನಾನು ಅವರಿಗೆ ಹೇಳಿದ್ದೆ. ಆಮೇಲೆ, ಅಷ್ಟು ಜನ, ಬೀಗರು, ಪುರೋಹಿತರು ಎಲ್ಲರೂ ಇರುವಾಗ, ಬಾಯಿ ಸೊಟ್ಟಗಾದರೂ ಲೆಕ್ಕಿಸದೆ ಗಟ್ಟಿಯಾಗಿ ಕೂಗಿದರು.

“ಅಕ್ಕಾ… ಬಾ… ಮ್ಯಾಲೆ ಬಾ!”

ಓಲಗದವರೂ ಒಂದು ಕ್ಷಣ ತಿರುಗಿ ನೋಡಿದರು. ಯಾರೋ ಏನೋ ಪಿಸುಗುಟ್ಟಿದರು. ನಮ್ಮ ಅತ್ತೆಯೇ ಎದ್ದು ಹೋಗಿ ಅಕ್ಕನ ಕೈ ಹಿಡಿದುಕೊಂಡು ಬಂದರು. ಅಕ್ಕ ನಮ್ಮ ಮಗಳ ತಲೆ ಮೇಲೆ ಹಾಕಿದ ಅಕ್ಷತೆಯಲ್ಲಿ ಅರ್ಧ ಅಕ್ಕಿ ನನ್ನ ಮೇಲೇ ಬಿತ್ತು…

ಅದಾದ ಮೇಲೆ ನಮ್ಮ ಮನೆಯವರು ಜನರಿಗೆ ಮುಖ ಮುಚ್ಚಿಕೊಂಡದ್ದನ್ನು ನಾನು ನೋಡಿಲ್ಲ.

ಇವತ್ತು ಸುದ್ದಿ ಹೇಳಿದ ತಕ್ಷಣ ಅವರೇ ಕೋಲಿಗೆ ಕೈ ಚಾಚಿದರು. ಆಟೋದಲ್ಲಿ ಇಬ್ಬರೂ ಹೋಗಿಬಂದೆವು. ಅಂಗಡಿಯ ಷಟರ್ ಎಳೆದಿತ್ತು. ವಿಷಯ ತಿಳಿಯದೆ ಬಂದ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳೇನೋ, ಮುಚ್ಚಿದ ಬಾಗಿಲ ಮುಂದೆ ನಿಂತು ಅತ್ತಿತ್ತ ನೋಡುತ್ತಿದ್ದಳು. ಏನು ಬೇಕಿತ್ತಮ್ಮ ಎಂದರೆ ತಲೆ ತಗ್ಗಿಸಿದಳು. ಎದುರಿಗೇ ಇನ್ನೆರಡು ಅಂಗಡಿ ತೆಗೆದಿದ್ದವು, ಎರಡರಲ್ಲೂ ಗಂಡಸರೇ ಕೂತಿದ್ದರು. ಅವಳು ಅತ್ತ ಹೋಗದೆ ಬಸ್‌ಸ್ಟ್ಯಾಂಡಿನ ಕಡೆ ವಾಪಸ್ಸು ನಡೆದಳು.

ಮನೆಗೆ ಬಂದು ಇಬ್ಬರೂ ತಲೆಗೆ ಸ್ನಾನ ಮಾಡಿದೆವು. ದೇವರಿಗೆ ದೀಪ ಹಚ್ಚಿ, ಅಕ್ಕನ ಹೆಸರಿನಲ್ಲಿ ಇನ್ನೊಂದು ಬತ್ತಿ ಇಟ್ಟೆ. ಅವರು ಪಡಸಾಲೆಯಲ್ಲಿ ಒದ್ದೆ ತಲೆಯಲ್ಲೇ ಕೂತಿದ್ದರು. ಹೊತ್ತು ಆಗಲೇ ಇಳಿದಿತ್ತು, ಬೆಳಿಗ್ಗೆಯಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಮಾತ್ರೆ ಬೇರೆ ನುಂಗಬೇಕು. ಸೆರಗು ಸಿಕ್ಕಿಸಿಕೊಂಡು ಮುದ್ದೆಗೆ ಎಸರಿಟ್ಟೆ.