ಶಾಲೆ ತಪ್ಪಿಸುವ ಮಕ್ಕಳ ವೆರ್ನಾ

ಕೆಂಟಕಿಯ ಗುಡ್ಡಗಳ ನಡುವಿನ ನಮ್ಮ ಕೋರ್ಟಿನಲ್ಲಿ ಬಾಗಿಲು ಕಾಯುವವನು ನಾನು. ವೆರ್ನಾ ಟ್ಯಾಕೆಟ್ ಕೂರುವುದು ಕೆಳಗೆ, ನೆಲಮಾಳಿಗೆಯಲ್ಲಿ. ಶಾಲೆ ತಪ್ಪಿಸುವ ಮಕ್ಕಳು ನ್ಯಾಯಾಧೀಶರ ಮುಂದೆ ನಿಲ್ಲುವ ಮೊದಲೇ ಅವರನ್ನೂ ಮನೆಯವರನ್ನೂ ಕೂರಿಸಿ ಮಾತಾಡಿ, ಒಂದು ಒಪ್ಪಂದಕ್ಕೆ ತಂದು, ಕೇಸನ್ನು ಅಲ್ಲಿಗೇ ಮುಗಿಸುವುದು ಅವಳ ಕೆಲಸ. ಕೇಳಲು ಚೆಂದ. ಊರವರಿಗೆ ಅವಳು ಮಕ್ಕಳನ್ನು ಹಿಡಿಯುವವಳು, ಶಾಲೆಯವರಿಗೆ ಕೈಲಾಗದ ಮೆತ್ತನೆಯ ಹೆಂಗಸು. ಅತ್ತ ದರಿ, ಇತ್ತ ಪುಲಿ.

ಮಧ್ಯಾಹ್ನ ನನ್ನ ಪಕ್ಕ ಕೂತು ತಣ್ಣಗಾದ ಹುರುಳಿ ಸಾರಿಗೆ ಮೆಕ್ಕೆಜೋಳದ ಬ್ರೆಡ್ಡು ಅದ್ದಿಕೊಂಡು ತಿನ್ನುತ್ತಾಳೆ. "ಇವತ್ತು ಯಾರ್ ಮನೆ ಹಾಳ್ಮಾಡ್ದೆ?" ಎಂದು ಕೆಣಕುತ್ತೇನೆ. "ನಿನ್ ಬಾಯಿಗೆ ಮಣ್ ಹಾಕ," ಎನ್ನುತ್ತಾಳೆ. ಈಚೆಗೆ ಅದನ್ನೂ ಹೇಳುವುದಿಲ್ಲ, ಸುಮ್ಮನೆ ಅಗಿಯುತ್ತಾಳೆ.

ಕಳೆದ ಚಳಿಗಾಲ ಓರ್ಫಾ ಸೈಜ್‌ಮೋರ್ ಮುದುಕಿ ಮೊಮ್ಮಗಳು ಟೆಸ್ಸಿಯ ಜೊತೆ ಪಕ್ಕದ ಮನೆಯವರ ಟ್ರಕ್ಕಿನಲ್ಲಿ ಬಂದಳು. ಹುಡುಗಿಗೆ ಅದೇ ಕೊನೆಯ ಅವಕಾಶ. ಅಲ್ಲಿ ಬಗೆಹರಿಯದಿದ್ದರೆ ನ್ಯಾಯಾಧೀಶರು, ಆಮೇಲೆ ಯಾರೋ ಗುರುತಿಲ್ಲದವರ ಮನೆಯಲ್ಲಿ ಬೆಳೆಯುವ ಪಾಡು. ಮುದುಕಿಯನ್ನು ನಾನೇ ತೋಳು ಹಿಡಿದು ಮೆಟ್ಟಿಲು ಇಳಿಸಿದೆ, ಬಾಗಿಲಲ್ಲೇ ನಿಂತೆ.

"ಯಾಕೆ ಮಗಾ, ಶಾಲೆಗೆ ಹೋಗ್ತಿಲ್ಲ?" ಎಂದಳು ವೆರ್ನಾ.

ಟೆಸ್ಸಿ ನೆಲ ನೋಡಿದಳು. ಓರ್ಫಾಳೇ ಬಾಯಿ ಹಾಕಿದಳು: "ಸೋಮಾರಿ ಕಣೆ ಇವ್ಳು. ಬಸ್ಸಿನವ್ನು ಹಾರ್ನ್ ಹೊಡ್ದು ಹೊಡ್ದು ಸಾಕಾಗಿ ಹೋಗ್ತಾನೆ, ಇವ್ಳು ಏಳಲ್ಲ."

ಹೇಳುತ್ತ ಹೇಳುತ್ತ ಮುದುಕಿಗೆ ಉಸಿರು ಕಟ್ಟಿ ತುಟಿ ನೀಲಿಗಟ್ಟಿತು. ಟೆಸ್ಸಿ ಥಟ್ಟನೆ ಎದ್ದು ನನ್ನನ್ನು ತಳ್ಳಿಕೊಂಡು ಹೊರಗೆ ಓಡಿದಳು.

"ನೋಡಿದ್ರಾ? ಇಲ್ಲಿಂದಾನೂ ಓಡಿದ್ಳು. ಜಡ್ಜ್ ಹತ್ರಾನೇ ಕಳಿಸಿ," ಎಂದ ಮೇಜಿನ ಆಚೆ ಕೂತಿದ್ದ ಶಾಲೆಯ ಕಡೆಯವನು. ಎಂಥ ಕಟುಕ ಹುಡುಗಿ ಎಂದು ನನಗೂ ಮೈ ಉರಿಯಿತು.

ಹುಡುಗಿ ಆಕ್ಸಿಜನ್ ಸಿಲಿಂಡರ್ ಅಪ್ಪಿಕೊಂಡು ಓಡಿ ಬಂದಳು. ನಳಿಕೆಯನ್ನು ಅಜ್ಜಿಯ ಮೂಗಿಗೆ ಸಿಕ್ಕಿಸಿ ಬೆನ್ನು ನೀವಿದಳು. "ಇದನ್ನ ಟ್ರಕ್ಕಲ್ಲೇ ಬಿಡು ಅಂದ್ಯಲ್ಲ ಅಜ್ಜಿ, ಸಾಯ್ಬೇಕಂತಿದ್ಯಾ?"

ಉಸಿರು ಬಂದ ಮೇಲೆ ಓರ್ಫಾ ಅತ್ತಳು. "ಕಾಯ್ಲೆ ಗೊತ್ತಾದ್ರೆ ಮಗೂನ ಕಿತ್ಕೊಂಡ್ ಹೋಗ್ತೀರಿ. ಸೋಮಾರಿ ಅಂದ್ರೆ ಬೈದು ಬಿಟ್ಬಿಡ್ತೀರಿ ಅಂದ್ಕೊಂಡೆ."

ನಮ್ಮ ಕಣಿವೆಯವರ ಬುದ್ಧಿಯೇ ಇದು. ಮನೆಯ ಕಷ್ಟ ಸರ್ಕಾರದವರ ಕಿವಿಗೆ ಬೀಳಬಾರದು.

"ನಾನೂ ಇದೇ ಕಣಿವೆಯವ್ಳಲ್ವಾ ಓರ್ಫಮ್ಮ? ನಂಗಾದ್ರೂ ಹೇಳ್ಬಾರ್ದಿತ್ತಾ?"

"ನೀನು ಕೋರ್ಟಿನವ್ಳು."

ವೆರ್ನಾ ಫೋನಿನತ್ತ ತಿರುಗಿದಳು. ಶಾಲೆಯವನ ಬಾಯಿ ಮುಚ್ಚಿಸಿ, ಮುದುಕಿಯನ್ನು ನೋಡಿಕೊಳ್ಳಲು ಯಾರನ್ನಾದರೂ ಕಳಿಸಿ ಎಂದು ಸಿಕ್ಕಸಿಕ್ಕವರಿಗೆಲ್ಲ ಫೋನು ಮಾಡಿ ಕಾಡಿಬೇಡಿದಳು. ನ್ಯಾಯಾಧೀಶರ ಮುಂದೆ ನಿಲ್ಲುವ ಗಂಡಾಂತರ ಅವತ್ತಿಗೆ ತಪ್ಪಿತು. ಆದರೂ ಅವಳ ಮುಖದಲ್ಲಿ ಗೆಲುವಿರಲಿಲ್ಲ.

"ಬೆಳಗ್ಗೆ ಹೊತ್ತು ನರ್ಸ್ ಬರ್ತಾಳೆ ಮಗಾ. ನೀನು ಬಸ್ಸು ಹತ್ತು."

"ಮಧ್ಯಾಹ್ನ?"

"ಮಧ್ಯಾಹ್ನಕ್ಕೆ ಯಾರೂ ಸಿಗ್ಲಿಲ್ಲ."

"ಹಾಗಾದ್ರೆ ಮಧ್ಯಾಹ್ನ ನಾನೇ ಮನೆಗೆ ಓಡ್ತೀನಿ. ಮತ್ತೆ ಇಲ್ಲಿಗೆ ಕರೀತೀರಾ?"

ವೆರ್ನಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಕರೀಬೇಕಾಗುತ್ತೆ, ಮಗಾ."