ಎರಡು ಗೆರೆಗಳ ನಡುವಿನ ಫೀಕಾ

ಗುನ್ವೋರ್ ಬ್ರೋಮಾನ್ ಬೆಳಗಿನ ಫೀಕಾ ತಪ್ಪಿಸಿದ್ದು ಒಂದೇ ಒಂದು ಹೇಮಂತದಲ್ಲಿ. ಉಳಿದಂತೆ, ಜಿಲ್ಲೆಯ ಆಸ್ಪತ್ರೆಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಆ ಕಚೇರಿಯಲ್ಲಿ ಸರ್ವರ್ ಕೆಟ್ಟು ಕೂತಿರಲಿ, ಮೇಲಧಿಕಾರಿ ಬಾಗಿಲಲ್ಲಿ ನಿಂತಿರಲಿ, ಹೊತ್ತಾಯಿತೆಂದರೆ ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳೆಂದೇ ಲೆಕ್ಕ. ಕಾಫಿ, ಏಲಕ್ಕಿ ಹಾಕಿದ ಬನ್ನು, ನಾಲ್ಕು ಮಾತು. ಇಷ್ಟೇ ಫೀಕಾ. ಇದನ್ನೂ ಬಿಟ್ಟು ದುಡಿಯುವವರನ್ನು ಉತ್ತರದ ಆ ಯೆಮ್ಟ್‌ಲಾಂಡ್ ಜಿಲ್ಲೆಯ ಜನ ಮೆಚ್ಚುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ ಎಂದು ಅನುಮಾನಪಡುತ್ತಾರೆ.

ಅವಳು ಮೊದಲು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ವಿಂಗಡಿಸುತ್ತಿದ್ದವಳು. ಊರೂರ ಅಂಚೆ ಕಚೇರಿಗಳಿಗೆ ಬೀಗ ಬಿದ್ದಾಗ ಜೊತೆಯವರು ಸರ್ಕಾರವನ್ನು ಬೈಯುತ್ತಾ ಕೂತರು. ಇವಳೂ ಬೈದಳು, ಬೈದುಕೊಂಡೇ ಸಂಜೆ ತರಗತಿಗೆ ಸೇರಿ ಕೋಡ್ ಬರೆಯುವುದನ್ನು ಕಲಿತಳು. ಕಲಿತದ್ದರಲ್ಲಿ ಅವಳ ಮನಸ್ಸಿಗೆ ಹತ್ತಿದ್ದು ಮಲ್ಟಿಪಾರ್ಟ್, ಅಂದರೆ ಒಂದೇ ಗಂಟಿನಲ್ಲಿ ಹಲವು ಪೊಟ್ಟಣ ಕಟ್ಟಿ ಕಳಿಸುವ ವಿದ್ಯೆ. ಪಾರ್ಸೆಲ್ ಕೈಗೆ ಅದು ಒಗ್ಗದೆ ಇನ್ನೇನು ಒಗ್ಗಬೇಕು!

ಮನೆಮನೆಗೆ ಹೋಗುವ ನರ್ಸು ರೋಗಿಯ ಹೆಸರು, ತಾನು ಬರೆದ ಟಿಪ್ಪಣಿ, ಗಾಯದ ಫೋಟೋ ಮೂರನ್ನೂ ಒಟ್ಟಿಗೆ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿಂದ ರಸೀದಿ, ವೈದ್ಯರ ಸಲಹೆ ಅದೇ ರೀತಿ ಗಂಟಾಗಿ ವಾಪಸು ಬರಬೇಕು. ಒಂದು ಪೊಟ್ಟಣ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಯಂತ್ರಕ್ಕೆ ತಿಳಿಯಲು ನಡುವೆ ಒಂದು ಗಡಿಸಾಲು ಇರುತ್ತದೆ: ಮೊದಲಿಗೆ ಎರಡು ಅಡ್ಡಗೆರೆ, ಆಮೇಲೆ ನಾವೇ ಆರಿಸಿದ ಒಂದು ಪದ. ಪದದ ಕೊನೆಗೂ ಎರಡು ಗೆರೆ ಬಂದರೆ ಗಂಟು ಮುಗಿಯಿತೆಂದು ಅರ್ಥ. ಅದರಾಚೆ ಏನಿದ್ದರೂ ಯಂತ್ರ ಕಣ್ಣೆತ್ತಿಯೂ ನೋಡುವುದಿಲ್ಲ.

ಕಟ್ಟುವ ಕೋಡು, ಬಿಚ್ಚುವ ಕೋಡು ಎರಡನ್ನೂ ಗುನ್ವೋರ್ ತಾನೇ ಬರೆದಿದ್ದಳು. ಅರ್ಧ ದಾರಿಯಲ್ಲಿ ಕಡಿದುಹೋದ ಗಂಟನ್ನು ಗುರುತು ಹಿಡಿದು ಮತ್ತೆ ಕೇಳಿ ತರಿಸುವಷ್ಟು ಅಚ್ಚುಕಟ್ಟು. ಹಿಮ ಬಿದ್ದು ನೆಟ್‌ವರ್ಕ್ ತೂಕಡಿಸುವ ಬೆಟ್ಟದ ಹಳ್ಳಿಗಳಿಂದಲೂ ಒಂದು ಫೋಟೋ ಕಳೆದುಹೋದದ್ದಿಲ್ಲ. ಗಡಿಪದವನ್ನು ಮಾತ್ರ ತಮಾಷೆಗೆಂದು ಇಟ್ಟಿದ್ದಳು. ಬೇರೆಯವರು ಬಾಯಿಗೆ ಬಾರದ ಅಕ್ಷರಗಳ ಕಲಸುಮೇಲೋಗರ ಇಡುತ್ತಾರೆ. ಎರಡು ಕೆಲಸಗಳ ನಡುವೆ ಬರುವುದೇನು ಎಂದು ಜೊತೆಯಲ್ಲಿ ಕೆಲಸ ಮಾಡುವ ರೂನೆ ಕೇಳಿದಾಗ ಇವಳು ‘ಫೀಕಾ’ ಎಂದು ಬರೆದಳು. ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ಪದ ಅಲ್ಲೇ ಉಳಿಯಿತು.

ವರ್ಷಗಳು ಕಳೆದ ಮೇಲೆ ದಕ್ಷಿಣದ ಸ್ಕೋನೆಯಿಂದ ಮಾಲಿನ್ ಎಂಬ ನರ್ಸು ಬಂದಳು. ಅವಳ ಗಂಟಲುಮಾತಿಗೆ ಇಲ್ಲಿನವರು ನಗುತ್ತಿದ್ದರು. ಆ ಹೇಮಂತದಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಎವಾಲ್ಡ್ ಎಂಬ ಮುದುಕನ ಕಾಲಿನ ಗಾಯ ವಿಷವೇರಿ, ಆಸ್ಪತ್ರೆಯವರು ಎರಡು ಕಾಲ್ಬೆರಳು ತೆಗೆಯಬೇಕಾಯಿತು. ಆಸ್ಪತ್ರೆಯ ಪರದೆಯಲ್ಲಿ ಅವಳ ಟಿಪ್ಪಣಿ ಒಂದೇ ಸಾಲು: ಗಾಯ ಸ್ವಚ್ಛವಾಗಿದೆ. ಮಧ್ಯಾಹ್ನ ಮತ್ತೆ ಹೋಗಿ ನೋಡಿದೆ, ಕೆಂಪು ಏರುತ್ತಿತ್ತು, ವೈದ್ಯರು ಇವತ್ತೇ ಬರಲಿ ಎಂದು ಬರೆದು ಫೋಟೋ ಸಮೇತ ಕಳಿಸಿದೆ ಎಂದು ಮಾಲಿನ್ ಗೋಳಾಡಿದಳು. ಯಾರೂ ನಂಬಲಿಲ್ಲ. ರೋಗಿಯ ಗುಟ್ಟು ಹೊರಬೀಳಬಾರದೆಂದು, ಮುಟ್ಟಿದ ರಸೀದಿ ಬಂದ ಕೂಡಲೇ ನರ್ಸುಗಳ ಟ್ಯಾಬ್ಲೆಟ್ ಎಲ್ಲವನ್ನೂ ಅಳಿಸಿಬಿಡುತ್ತಿತ್ತು. ಅವಳ ನರ್ಸಿಂಗ್ ಪರವಾನಗಿ ಕಿತ್ತುಕೊಳ್ಳಬೇಕೆಂಬ ದೂರು ತಯಾರಾಯಿತು.

ಗುನ್ವೋರ್ ದೂರು ಓದಿ ಸುಮ್ಮನಾಗಲಿಲ್ಲ. ಮಾಲಿನ್‌ಳನ್ನು ಕಾಫಿ ಕೋಣೆಗೆ ಕರೆತಂದು, ಮುಂದೆ ಬನ್ನಿಟ್ಟು, ಏನಾಯಿತೆಂದು ಕೇಳದೆ ಹೇಗೆ ಬರೆಯುತ್ತೀಯ ಎಂದು ಕೇಳಿದಳು.

“ಬೇರೆಯವ್ರು ಒಂದೊಂದು ಸಲ ಹೋದಾಗ್ಲೂ ಒಂದೊಂದು ಕಳಿಸ್ತಾರೆ. ನಾನು ದಿನದ್ದೆಲ್ಲ ಒಂದರಲ್ಲೇ ಬರೀತೀನಿ,” ಎಂದಳು ಮಾಲಿನ್. “ಮೇಲೆ ಬೆಳಗ್ಗೆದು, ಕೆಳಗೆ ಮಧ್ಯಾಹ್ನದ್ದು. ನಡುವೆ ಬೇರೆ ಸಾಲಲ್ಲಿ ಫೀಕಾ ಅಂತ ಹಾಕಿ, ಆಚೆ ಈಚೆ ಎರಡೆರಡು ಗೆರೆ ಎಳೀತೀನಿ. ಎವಾಲ್ಡ್ ಜೊತೆ ಕೂತು ಕಾಫಿ ಕುಡಿದೇ ಹೊರಡ್ತಿದ್ದೆ. ಅವನಿಗೆ ಅದಿಲ್ದೆ ಆಗ್ತಿರ್ಲಿಲ್ಲ.”

ಗುನ್ವೋರ್ ಬಾಯಿಗೆತ್ತಿದ ಲೋಟ ಅಲ್ಲೇ ನಿಂತಿತು.

ಬಂದ ಗಂಟುಗಳ ಮೂಲಪ್ರತಿಯನ್ನು ಸರ್ವರ್ ಕೆಲವು ಕಾಲ ಇಟ್ಟುಕೊಳ್ಳುತ್ತದೆ. ಹೋಗಿ ತೆರೆದು ನೋಡಿದಳು. ಗೆರೆ, ಫೀಕಾ, ಗೆರೆ. ಅದರ ಕೆಳಗೆ ಮಾಲಿನ್ ಬರೆದ ಒಂದೊಂದು ಅಕ್ಷರವೂ ಇತ್ತು, ಫೋಟೋ ಕೂಡ ಇತ್ತು. ಎಲ್ಲವೂ ಆಸ್ಪತ್ರೆಯ ಬಾಗಿಲಿಗೆ ಬಂದು ಮುಟ್ಟಿತ್ತು. ಗುನ್ವೋರ್ ಬರೆದ ಕೋಡು ಆ ಸಾಲು ಕಂಡೊಡನೆ ಗಂಟು ಮುಗಿಯಿತೆಂದು ಬಗೆದು ಉಳಿದದ್ದನ್ನು ಬಿಸಾಕಿತ್ತು.

ರೂನೆ ಒಳ್ಳೆಯವನೇ, ಗೆಳತಿಯ ಮಾನ ಉಳಿಸಲು ನೋಡಿದ. ತಾಂತ್ರಿಕ ದೋಷ ಎಂದು ಬರೆದರೆ ಸಾಕು, ಮಾಲಿನ್ ಪಾರಾಗುತ್ತಾಳೆ, ಪದದ ಸುದ್ದಿ ಯಾಕೆ ಎತ್ತಬೇಕು ಎಂದ.

“ತಾಂತ್ರಿಕ ದೋಷ ಅನ್ನೋ ಹೆಸರಿನವ್ರು ನಮ್ಮ ಆಫೀಸಲ್ಲಿ ಯಾರಿದಾರೆ ರೂನೆ?” ಎಂದಳು ಗುನ್ವೋರ್. “ಪದ ಇಟ್ಟವಳು ನಾನು. ನಕ್ಕವಳೂ ನಾನೇ.”

ವಿಚಾರಣೆಯ ದಿನ ಅವಳು ಯಾರೂ ಕರೆಯದಿದ್ದರೂ ಹೋದಳು. ಮಾಲಿನ್‌ಳ ಮಧ್ಯಾಹ್ನದ ಮಾತುಗಳನ್ನು ನಿಂತು ಜೋರಾಗಿ ಓದಿದಳು. “ಇವಳು ಬರೆದಿದ್ಲು. ಇಲ್ಲಿಗೆ ಬಂದಿತ್ತು. ಕತ್ತರಿಸಿ ಹಾಕಿದ್ದು ನಾನು,” ಎಂದು ಕೂತಳು. ದೂರು ಅಲ್ಲೇ ಬಿದ್ದುಹೋಯಿತು. ತಪ್ಪನ್ನು ತಳ್ಳಿಹಾಕಲು ಹತ್ತು ಹೆಸರು ಹುಡುಕುವವರನ್ನು ನಾವು ದಿನವೂ ನೋಡುತ್ತೇವೆ. ಹಾಗೆ ಎದ್ದು ನಿಂತ ಒಬ್ಬಳನ್ನು ನೋಡಿದವರು ಅದನ್ನು ಮರೆಯುವುದಿಲ್ಲ.

ಗುನ್ವೋರ್ ಅಲ್ಲಿಗೇ ಬಿಡಲಿಲ್ಲ. ಆಸ್ಪತ್ರೆಗೆ ಹೋಗಿ ಎವಾಲ್ಡ್‌ನ ಮಂಚದ ಬಳಿ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಮುದುಕ ಕೇಳಿಸಿಕೊಂಡು ಗೋಡೆಯ ಕಡೆ ತಿರುಗಿದ.

ಅವಳು ಕೋಡನ್ನು ಬುಡದಿಂದ ತಿದ್ದಿದಳು. ಈಗ ಗಡಿಪದ ಗಂಟು ಗಂಟಿಗೂ ಬೇರೆ. ಯಾವ ಪೊಟ್ಟಣದೊಳಗಾದರೂ ಅದೇ ಪದವಿದ್ದರೆ ಬೇರೊಂದನ್ನು ಆರಿಸಿಕೊಂಡೇ ಕಟ್ಟು ಬಿಗಿಯುತ್ತದೆ. ಕೆಲಸವೇನೋ ಮುಗಿಯಿತು. ಆದರೆ ಬೆಳಗಿನ ಹೊತ್ತಿಗೆ ಎಲ್ಲರೂ ಎದ್ದಾಗ ಗುನ್ವೋರ್ ಮಾತ್ರ ಏಳುತ್ತಿರಲಿಲ್ಲ. ರೂನೆ ಬನ್ನು ತಂದು ಮೇಜಿನ ಮೇಲಿಡುತ್ತಿದ್ದ, ಅದು ಸಂಜೆಯವರೆಗೂ ಹಾಗೇ ಒಣಗುತ್ತಿತ್ತು. ಅವಳು ಬಂದ ಗಂಟುಗಳನ್ನು ತೆರೆದು, ಎಲ್ಲ ಪೊಟ್ಟಣಗಳೂ ಸರಿಯಾಗಿ ಮುಟ್ಟಿವೆಯೇ ಎಂದು ನೋಡುತ್ತಾ ಕೂತಿರುತ್ತಿದ್ದಳು.

ಮೊದಲ ಹಿಮ ಬಿದ್ದ ವಾರ ಮಾಲಿನ್‌ಳ ಟಿಪ್ಪಣಿಯೊಂದು ಬಂತು. ಎವಾಲ್ಡ್ ಮನೆಗೆ ಮರಳಿದ್ದ. ಮೇಲೆ ಬೆಳಗಿನದು: ಗಾಯ ಒಣಗುತ್ತಿದೆ. ಆಮೇಲೆ ಬೇರೆ ಸಾಲಿನಲ್ಲಿ ಗೆರೆ, ಫೀಕಾ, ಗೆರೆ. ಗುನ್ವೋರ್ ಕೆಳಕ್ಕೆ ಸರಿಸಿದಳು. ಮಧ್ಯಾಹ್ನದ್ದೂ ಬಂದಿತ್ತು:

“ನಡಿಗೆ ಪರವಾಗಿಲ್ಲ. ಆ ಕಂಪ್ಯೂಟರಿನವಳು ಕಾಫಿಗೆ ಯಾವಾಗ ಬರ್ತಾಳೆ ಅಂತ ಎವಾಲ್ಡ್ ಕೇಳ್ತಿದಾನೆ.”

ಗುನ್ವೋರ್ ಅದನ್ನು ಎರಡು ಸಲ ಓದಿದಳು. ಕಣ್ಣೊರೆಸಿಕೊಂಡು, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.